ಜಾಲತಾಣದ ಅಂಗಡಿಗೂ ನಾಮಫಲಕ ಬೇಕು

ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಮಾರುವ ಮುಂಬಯಿಯ ಕನ್ನಡಿಗ ಮಹಿಳೆಯರು ಜಾಲತಾಣದ ಮೂಲಕವೂ ವ್ಯಾಪಾರಕ್ಕಿಳಿದಿರುವುದು ಸ್ವಾಗತಾರ್ಹ. ಆದರೆ ಮನೆಯಲ್ಲೇ ನಡೆಸುವ ವ್ಯಾಪಾರಕ್ಕೆ ಕಾನೂನು ಅನ್ವಯಿಸದು ಎಂಬ ಭಾವನೆ ಸರಿಯಲ್ಲ.

2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳಂತೆ, ನಿಯಮಿತವಾಗಿ ಮಾರಾಟ ನಡೆಸುವ ಜಾಲತಾಣದಲ್ಲಿ ಸಂಸ್ಥೆಯ ಹೆಸರು, ವಿಳಾಸ, ದೂರವಾಣಿ, ದೂರು ಸ್ವೀಕರಿಸುವವರ ವಿವರ ಸ್ಪಷ್ಟವಾಗಿ ಕಾಣಬೇಕು. ಸರಕು ಮರಳಿಸುವ, ಹಣ ಹಿಂದಿರುಗಿಸುವ ಷರತ್ತುಗಳನ್ನೂ ತಿಳಿಸಬೇಕು. ದೂರು ತಲುಪಿದ್ದನ್ನು 48 ಗಂಟೆಯೊಳಗೆ ದೃಢಪಡಿಸಿ, ಒಂದು ತಿಂಗಳಲ್ಲಿ ಪರಿಹರಿಸಬೇಕು. ತಿಂಡಿ ತಿನಿಸಿಗೆ ಎಫ್‌ಎಸ್‌ಎಸ್‌ಎಐ ನೋಂದಣಿ ಅಥವಾ ಪರವಾನಗಿ ಕಡ್ಡಾಯ.

ವಿಳಾಸವಿಲ್ಲದ ಅಂಗಡಿಗೆ ಮುಂಗಡ ಹಣ ಕೊಡಲು ಯಾರೂ ಒಪ್ಪರು. ಜಾಲತಾಣಕ್ಕೂ ಇದೇ ಮಾತು. ಕನ್ನಡ ಸಂಘಗಳ ಮಹಿಳಾ ವಿಭಾಗಗಳು ಲೆಕ್ಕಪರಿಶೋಧಕರು, ವಕೀಲರನ್ನು ಆಹ್ವಾನಿಸಿ ಅರ್ಧ ದಿನದ ಮಾಹಿತಿ ಶಿಬಿರ ಏರ್ಪಡಿಸಲಿ. ದಂಡ ತೆತ್ತ ಬಳಿಕ ಎಚ್ಚೆತ್ತುಕೊಳ್ಳುವುದಕ್ಕಿಂತ ಇದು ಮೇಲು.