ಎರವಿನ ಓದು

ವಾಚನಪ್ರಿಯರು ನಾಲ್ವರು ಕೂಡಿದಲ್ಲಿ ತಂತಮ್ಮ ಓದಿನ ರೂಢಿಗಳನ್ನು ಹೇಳಿಕೊಳ್ಳುವುದು ಒಂದು ವಿನೋದವೇ ಸರಿ. ಒಬ್ಬರಿಗೆ ನಸುಕಿನಲ್ಲಿ ಓದಿದರೇ ತಲೆಗೆ ಹತ್ತುವುದು. ಇನ್ನೊಬ್ಬರಿಗೆ ಹಾಸಿಗೆಗೆ ಒರಗಿದ ಹೊರತು ಓದೇ ಸಾಗದು. ಒಬ್ಬರು ಸೀಸದ ಕಡ್ಡಿಯಿಂದ ಗೆರೆ ಎಳೆಯುತ್ತ ಓದುವರು. ಮತ್ತೊಬ್ಬರಿಗೆ ಅದನ್ನು ಕಂಡರೆ ಮೈ ಉರಿಯುವುದು. ಹಾಳೆಯ ಮೂಲೆ ಮಡಚುವವರ ವಿಷಯವನ್ನು ಎತ್ತದಿರುವುದೇ ಲೇಸು. ಕಾದಂಬರಿಯೋ ಚರಿತ್ರೆಯೋ, ಅಚ್ಚಿನ ಹಾಳೆಯೋ ಮೊಬೈಲಿನ ತೆರೆಯೋ, ಇವೆಲ್ಲ ಅವರವರ ರುಚಿಗೆ ಬಿಟ್ಟ ಮಾತು; ಇದಕ್ಕಾಗಿ ಯಾರೂ ಯಾರ ಮೇಲೂ ದಾವೆ ಹೂಡಬೇಕಾಗಿಲ್ಲ. ಆದರೆ ವಿಜಯಪುರದ ಪುಸ್ತಕಪ್ರಿಯರಲ್ಲಿರುವ ಒಂದು ರೂಢಿಯನ್ನು ಕೇವಲ ರುಚಿಯೆಂದು ಬಿಡತಕ್ಕದ್ದಲ್ಲ. ಅದು ಕೊಳ್ಳಬಲ್ಲವರೂ ಎರವು ತಂದು ಓದುವ ರೂಢಿ.

ಈ ಸೀಮೆಯಲ್ಲಿ ಓದೆಂಬುದು ಮೊದಲಿನಿಂದಲೂ ಹಂಚಿಕೊಂಡು ಉಂಡ ಊಟವೆಂಬುದನ್ನು ನಾವು ಬಲ್ಲೆವು. ಶ್ರಾವಣ ಬಂತೆಂದರೆ ಗುಡಿಗಳಲ್ಲಿ, ಮಠಗಳಲ್ಲಿ ಪುರಾಣ ಹಚ್ಚುವರು. ಒಬ್ಬರು ಓದುವರು, ಒಬ್ಬರು ಅರ್ಥ ಹೇಳುವರು, ಊರೆಲ್ಲ ಕೇಳುವುದು. ಅಕ್ಷರ ಬಾರದ ಮುದುಕಿಯೂ ಕಥೆ ತಪ್ಪಿದರೆ ತಿದ್ದುವಳು. ಹಲಸಂಗಿಯ ಗೆಳೆಯರು 1931ರಲ್ಲಿ ಅಚ್ಚಿಗೆ ತಂದ ‘ಗರತಿಯ ಹಾಡು’ ಬೀಸುವ ಕಲ್ಲಿನ ಮುಂದೆ ಬಾಯಿಂದ ಬಾಯಿಗೆ ಬಂದ ಸಂಪತ್ತು. 2023ರಲ್ಲಿ ದೇಹವಿಟ್ಟ ಸಿದ್ಧೇಶ್ವರ ಸ್ವಾಮಿಗಳು ತಿಕೋಟಾ ಸೀಮೆಯ ಬಿಜ್ಜರಗಿಯವರು. ಅವರ ಪ್ರವಚನಕ್ಕೆ ಸಾವಿರಾರು ಜನ ಕೂಡುತ್ತಿದ್ದರು. ಕಿವಿಯಿಂದ ಓದಿ ಬೆಳೆದ ಇಂಥ ಜನಕ್ಕೆ ಪುಸ್ತಕ ಕೊಳ್ಳಬೇಕೆಂದು ತಟ್ಟನೆ ಹೊಳೆಯದಿದ್ದರೆ ಆಶ್ಚರ್ಯವೇನು? ಆದರೆ ಪುರಾಣಕ್ಕೂ ಊರವರು ಪಟ್ಟಿ ಕೂಡಿಸುತ್ತಾರೆ. ಮಂಗಲದ ದಿನ ಓದಿದವನಿಗೆ ಶಾಲು ಹೊದಿಸುತ್ತಾರೆ. ಪುಸ್ತಕ ಬರೆದವನೆದುರು ಮಾತ್ರ ಸುಶಿಕ್ಷಿತರಾದ ನಾವು “ನಮಗೊಂದು ಗೌರವ ಪ್ರತಿ ಇಲ್ಲವೆ?” ಎಂದು ಕೈ ಚಾಚುತ್ತೇವೆ!

ಫ. ಗು. ಹಳಕಟ್ಟಿಯವರು ಇದೇ ಊರಿನ ನ್ಯಾಯಾಲಯದಲ್ಲಿ ವಕೀಲಿ ಮಾಡಿದವರು. ಮನೆ ಮನೆ, ಮಠ ಮಠ ತಿರುಗಿ ತಾಡೋಲೆಯ ಕಟ್ಟುಗಳನ್ನು ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರ ಸಾರ’ದ ಮೊದಲ ಭಾಗವನ್ನು ಬೆಳಗಾವಿಯಲ್ಲಿ ಅಚ್ಚು ಹಾಕಿಸಿದರು. ಆ ಬಳಿಕ ಸ್ವಂತ ಮನೆಯನ್ನು ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ಮರುವರ್ಷ ‘ಶಿವಾನುಭವ’ ಪತ್ರಿಕೆ ಹೊರಟಿತು. ಈ ತ್ಯಾಗವನ್ನು ನಾವು ಸಭೆ ಸಭೆಯಲ್ಲಿ ಕೊಂಡಾಡುತ್ತೇವೆ. ಆದರೆ ಊರಿನ ನೂರಾರು ಮನೆಗಳು ಆ ಭಾರವನ್ನು ಹಂಚಿಕೊಂಡು ಹೊತ್ತಿದ್ದರೆ ಆ ಒಂದು ಮನೆ ಉಳಿಯಬಹುದಿತ್ತಲ್ಲವೆ ಎಂಬ ಪ್ರಶ್ನೆಯನ್ನು ಕೇಳಿಕೊಳ್ಳುವುದಿಲ್ಲ. ಗಳಗನಾಥರು ತಮ್ಮ ಕಾದಂಬರಿಗಳನ್ನು ಹೊತ್ತು ಊರೂರು ತಿರುಗಿ ಮಾರಿದರು. ಧಾರವಾಡದ ಮನೋಹರ ಗ್ರಂಥಮಾಲೆಯು 1933ರಿಂದ ಚಂದಾದಾರರನ್ನು ನಂಬಿ ನಡೆಯಿತು; ಹಣ ಮೊದಲೇ ಕೈಗೆ ಬಂದರೆ ಕಾಗದಕ್ಕೆ ಸಾಲ ಬೇಡ, ಎಷ್ಟು ಪ್ರತಿ ತೆಗೆಯಬೇಕೆಂಬ ಸಂಶಯವೂ ಇಲ್ಲ.

ಪುಸ್ತಕ ಮನೆ ಮನೆಯಲ್ಲಿರಬೇಕೆನ್ನಲು ಇನ್ನೊಂದು ಕಾರಣವೂ ಇದೆ. ಆದಿಲಶಾಹಿ ಅರಸರ ಗ್ರಂಥಸಂಗ್ರಹದಲ್ಲಿ ಅಸರ್ ಮಹಲಿನಲ್ಲಿ ಉಳಿದಿದ್ದ ಹಸ್ತಪ್ರತಿಗಳನ್ನು 1853ರಲ್ಲಿ ಲಂಡನ್ನಿಗೆ ಸಾಗಿಸಿದರು. ಅವು ಇಂದಿಗೂ ಅಲ್ಲಿಯೇ ಇವೆ. ಒಂದೇ ಕಡೆ ಇದ್ದುದು ಒಂದೇ ಸಲಕ್ಕೆ ಹೋಯಿತು. ವಚನದ ಕಟ್ಟುಗಳಾದರೋ ಬಡವರ ಮಾಡಗಳಲ್ಲಿ, ಮಠಗಳ ಮೂಲೆಗಳಲ್ಲಿ ಚದರಿಕೊಂಡಿದ್ದುದರಿಂದಲೇ ಹಳಕಟ್ಟಿಯವರ ಕೈಗೆ ದೊರೆತವು.

“ಗ್ರಂಥಾಲಯವಿದೆಯಲ್ಲ, ಮನೆಯ ಕರದೊಡನೆ ಅದರ ಕರವನ್ನೂ ತೆರುತ್ತೇವಲ್ಲ” ಎನ್ನುವರು. ನಿಜ, 1965ರ ಕಾಯಿದೆಯಿಂದ ಆ ಏರ್ಪಾಡು ಬಂದಿದೆ. ಗ್ರಂಥಾಲಯ ಬೇಕೇ ಬೇಕು. ಕೊಳ್ಳಲಾರದವನಿಗೆ ಅದೇ ಮನೆ. ಕೊಳ್ಳಬಲ್ಲವನು ಅದರ ಮರೆಯಲ್ಲಿ ನಿಲ್ಲುವುದು ಚೆಂದವಲ್ಲ.

ತಿಕೋಟಾದ ದ್ರಾಕ್ಷಿ ಬೆಳೆಗಾರರಿಗೆ ಈ ನ್ಯಾಯ ಬಿಡಿಸಿ ಹೇಳಬೇಕಾಗಿಲ್ಲ: ರುಚಿ ನೋಡುವವರು ಎಷ್ಟಿದ್ದರೇನು, ಕೊಳ್ಳುವವನು ಬಾರದಿದ್ದರೆ ಬಳ್ಳಿ ಕೀಳಬೇಕಾಗುತ್ತದೆ. ಆದಕಾರಣ ತಿಕೋಟಾ, ಬಬಲೇಶ್ವರಗಳ ಶಿಕ್ಷಕ ಮಹಾಶಯರಲ್ಲಿ ನಮ್ಮದೊಂದು ಸೂಚನೆ. ಹತ್ತು ಜನ ಕೂಡಿ ಭಿಶಿ ಹಾಕಿದಂತೆ ತಿಂಗಳಿಗೆ ತಲಾ ಇನ್ನೂರು ರೂಪಾಯಿ ಹಾಕಿರಿ. ಬಂದ ಎರಡು ಸಾವಿರಕ್ಕೆ ಕನ್ನಡದ ಪುಸ್ತಕಗಳನ್ನೇ ಕೊಂಡು, ಸರದಿಯಂತೆ ಎಲ್ಲರೂ ಓದಿರಿ. ವರುಷದ ಕೊನೆಗೆ ಚೀಟಿ ಎತ್ತಿ ಅವನ್ನು ಹತ್ತು ಮನೆಗಳಿಗೆ ಹಂಚಿಕೊಳ್ಳಿರಿ. ಗೆರೆ ಎಳೆಯುವವರು ಚೀಟಿ ಎತ್ತುವವರೆಗೆ ತಡೆದರೆ ಸಾಕು.