ಕಾಲೇಜಿನ ಜೆರ್ಸಿ ಮತ್ತು ನಮ್ಮ ಜಮಾಅತ್‌ಗಳು

ಕಾಲೇಜು ಫುಟ್ಬಾಲ್ ತಂಡವೊಂದರ ಋತು ಎಷ್ಟು ದಿನಗಳದ್ದು? ತಿಂಗಳುಗಟ್ಟಲೆ ನಡೆಯುವ ಲೀಗ್‌ಗಳ ಸುದ್ದಿಯನ್ನು ಕ್ರೀಡಾಪುಟದಲ್ಲಿ ಓದಿ ರೂಢಿಯಾದವರಿಗೆ ಇದರ ಉತ್ತರ ಅಚ್ಚರಿ ತರಬಹುದು. ಅಂತರ ಕಾಲೇಜು ಪಂದ್ಯಾವಳಿ ನಾಕೌಟ್ ಮಾದರಿಯದಾದರೆ, ಹದಿನಾರು ತಂಡಗಳಲ್ಲಿ ಎಂಟು ಮೊದಲ ಪಂದ್ಯಕ್ಕೇ ಗಂಟುಮೂಟೆ ಕಟ್ಟುತ್ತವೆ. ಪ್ರವೇಶಾತಿಯ ಬಳಿಕ ಆಯ್ಕೆ, ವಾರಗಟ್ಟಲೆ ಬೆವರು, ಕೊನೆಗೆ ಒಂದೂವರೆ ಗಂಟೆಯ ಆಟ. ಅನೇಕ ಹುಡುಗರ ಪಾಲಿಗೆ ಋತುವೆಂದರೆ ಇಷ್ಟೇ.

ಸಿಂದಗಿ ತಾಲ್ಲೂಕಿನ ಕನ್ನೊಳ್ಳಿಯಂಥ ಊರಿನಿಂದ ಪದವಿ ಕಾಲೇಜಿಗೆ ಬಸ್ಸು ಹಿಡಿಯುವ ಹುಡುಗನಿಗೆ ಆ ಒಂದೂವರೆ ಗಂಟೆಯೂ ಅಗ್ಗದ್ದಲ್ಲ. ಇದು ಎರೆಮಣ್ಣಿನ ಸೀಮೆ. ಮಳೆ ಬಿದ್ದರೆ ಮಣ್ಣು ಬೂಟಿಗೆ ಮೆತ್ತಿಕೊಂಡು ಕಾಲೆತ್ತಲು ಬಿಡದು. ಬೇಸಿಗೆಯಲ್ಲಿ ನೆಲ ಬಾಯಿಬಿಟ್ಟು ಪಾದ ಉಳುಕಿಸುತ್ತದೆ. ಕುಸ್ತಿ, ಕಬಡ್ಡಿ, ಖೋಖೋಗಳಿಗೆ ಒಗ್ಗಿದ ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ ಫುಟ್ಬಾಲ್ ಬೆಳಗಾವಿಯಷ್ಟು ಬೇರು ಬಿಟ್ಟಿಲ್ಲ. (ಹಳ್ಳಿ-ಪಟ್ಟಣಗಳ ಮೈದಾನಗಳು ಚುನಾವಣೆ ಬಂದಾಗ ಹೆಲಿಪ್ಯಾಡ್ ಆಗುವುದೂ ಉಂಟು. ಅದು ಬೇರೆ ಕಥೆ.) ಸಂಜೆಯ ಅಭ್ಯಾಸ ಮುಗಿಯುವ ಹೊತ್ತಿಗೆ ಊರಿನ ಬಸ್ಸು ಹೊರಟಿರುತ್ತದೆ. ತೊಗರಿ ರಾಶಿಯ ದಿನಗಳಲ್ಲಿ ಮನೆಯಿಂದ ಕರೆ ಬರುತ್ತದೆ. ಇವೆಲ್ಲವನ್ನೂ ದಾಟಿ ಬಂದವನಿಗೆ ಮೊಹಲ್ಲಾದಲ್ಲಿ ಎದುರಾಗುವ ಪ್ರಶ್ನೆ ಒಂದೇ: ‘ಚೆಂಡು ಒದ್ದರೆ ಹೊಟ್ಟೆ ತುಂಬುತ್ತದೆಯೇ?’

ನಾವು ಈ ಪ್ರಶ್ನೆಯನ್ನು ಕೇಳುವವರ ಕಡೆಗೇ ತಿರುಗಿಸಬಯಸುತ್ತೇವೆ. ಪಿಯುಸಿ ಮುಗಿಯುತ್ತಲೇ ಗೋವಾಕ್ಕೋ ಪುಣೆಗೋ ಕೂಲಿಗೆ ಹೊರಡುವ, ಗ್ಯಾರೇಜಿನಲ್ಲಿ ಕೂರುವ, ಹಣ್ಣಿನ ಗಾಡಿ ತಳ್ಳುವ ನಮ್ಮ ಹುಡುಗರನ್ನು ಕಾಲೇಜಿನಲ್ಲಿ ಹಿಡಿದಿಡಲು ಸಮುದಾಯ ಏನು ಮಾಡಿದೆ? ಇಪ್ಪತ್ತು ವರ್ಷ ಮೀರಿದ ಮುಸ್ಲಿಮರಲ್ಲಿ ಪದವೀಧರರೂ ಡಿಪ್ಲೊಮಾ ಪಡೆದವರೂ ಸೇರಿ ಶೇ. 4ಕ್ಕಿಂತ ಕಡಿಮೆಯೆಂದು ಸಾಚಾರ್ ಸಮಿತಿಯ ವರದಿ 2006ರಲ್ಲಿ ಹೇಳಿತು. ವರದಿಯ ಮೇಲೆ ವಿಚಾರಗೋಷ್ಠಿಗಳು ನಡೆದವು, ನಿರ್ಣಯಗಳು ಅಂಗೀಕಾರವಾದವು. ಆದರೆ ಹದಿನೆಂಟರ ಹುಡುಗನನ್ನು ತರಗತಿಗೆ ಕಟ್ಟಿಹಾಕುವುದು ನಿರ್ಣಯವಲ್ಲ, ಅವನಿಗೆ ಪ್ರಿಯವಾದ ಯಾವುದೋ ಒಂದು ಸಂಗತಿ. ಕಾಲೇಜಿನ ಜೆರ್ಸಿ ತೊಡಬೇಕಾದರೆ ಹಾಜರಿ ಪುಸ್ತಕದಲ್ಲಿ ಹೆಸರಿರಬೇಕು. ಒಂದು ಪಂದ್ಯದ ಆಸೆಗೆ ಒಂದು ವರ್ಷ ಕಾಲೇಜು ಬಿಡದೆ ಉಳಿದವನು ಮುಂದಿನ ವರ್ಷವೂ ಉಳಿದಾನು.

ಆಟವನ್ನು ‘ಲಹ್ವ್’ ಎಂದು ತಳ್ಳಿಹಾಕುವವರಿದ್ದಾರೆ. ಪ್ರವಾದಿ(ಸ)ರು ಪತ್ನಿ ಆಯಿಶಾ(ರ)ರೊಂದಿಗೆ ಓಟದ ಪಂದ್ಯವಾಡಿದ್ದನ್ನೂ, ಈದ್‌ನಂದು ಮಸೀದಿಯಲ್ಲಿ ಅಬಿಸೀನಿಯಾದವರು ಈಟಿಯಾಟವಾಡಿದಾಗ ಅದನ್ನು ನೋಡಲು ಅವರಿಗೆ ಅವಕಾಶ ಮಾಡಿಕೊಟ್ಟದ್ದನ್ನೂ ಹದೀಸ್ ಗ್ರಂಥಗಳಲ್ಲಿ ಓದಿದವರೇ ಹೀಗೆನ್ನುವುದು ಸೋಜಿಗ. ಮದ್ರಸಾದಲ್ಲಿ ಕಲಿತ ಯಾರನ್ನಾದರೂ ಕೇಳಿ ನೋಡಿ: ಅಸರ್‌ನಿಂದ ಮಗ್ರಿಬ್‌ವರೆಗಿನ ಹೊತ್ತು ಆಟದ್ದು. ಮಗ್ರಿಬ್‌ನ ಅಝಾನ್ ಕೇಳುತ್ತಲೇ ಚೆಂಡು ಮೂಲೆ ಸೇರುತ್ತದೆ. ಹಾಗಿರುವಾಗ ಕಾಲೇಜಿನ ಮೈದಾನದಲ್ಲಿ ಅದೇ ಚೆಂಡು ಧರ್ಮಕ್ಕೆ ಹೊರತಾಗುವುದು ಹೇಗೆ?

ನಮ್ಮ ಪಕ್ಕದ ಹೈದರಾಬಾದಿನ ಸಯ್ಯದ್ ಅಬ್ದುಲ್ ರಹೀಮರನ್ನು ಇಲ್ಲಿ ನೆನೆಯಬೇಕು. ಉಸ್ಮಾನಿಯಾ ವಿಶ್ವವಿದ್ಯಾಲಯವು ಉರ್ದು ಮಾಧ್ಯಮದಲ್ಲಿ ಪಾಠ ಹೇಳುತ್ತಿದ್ದ ಕಾಲದಲ್ಲಿ ಅವರು ಅದರ ಫುಟ್ಬಾಲ್ ತಂಡದಲ್ಲಿ ಆಡಿದವರು, ಬಿ.ಎ. ಪದವೀಧರರು, ದೈಹಿಕ ಶಿಕ್ಷಣದ ಡಿಪ್ಲೊಮಾ ಪಡೆದು ಶಾಲೆಗಳಲ್ಲಿ ಮಕ್ಕಳಿಗೆ ಆಟ ಕಲಿಸಿದವರು. ಈ ಮೇಷ್ಟ್ರ ತರಬೇತಿಯಲ್ಲಿ ಭಾರತ 1951ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದಿತು, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನಕ್ಕೇರಿತು. 1962ರ ಜಕಾರ್ತಾದ ಫೈನಲ್‌ನಲ್ಲಿ ದಕ್ಷಿಣ ಕೊರಿಯಾವನ್ನು 2-1ರಿಂದ ಮಣಿಸಿದಾಗ ಗೋಲು ಹೊಡೆದವರು ಪಿ.ಕೆ. ಬ್ಯಾನರ್ಜಿ ಮತ್ತು ಜರ್ನೈಲ್ ಸಿಂಗ್. ನಾಯಕ ಚುನಿ ಗೋಸ್ವಾಮಿ. ತಂಡವನ್ನು ಕಟ್ಟಿದವರು ರಹೀಂ ಸಾಹೇಬರು. ಮರುವರ್ಷವೇ ಕ್ಯಾನ್ಸರ್ ಅವರನ್ನು ಕೊಂಡೊಯ್ದಿತು. 2024ರಲ್ಲಿ ‘ಮೈದಾನ್’ ಚಿತ್ರ ಬರುವವರೆಗೆ ನಮ್ಮ ಎಷ್ಟು ವೇದಿಕೆಗಳಲ್ಲಿ ಈ ಹೆಸರು ಕೇಳಿಬಂದಿತ್ತು?

ಬೆಂಗಳೂರಿನ ಒಂದು ಹಳೆಯ ಹೆಮ್ಮೆಯೂ ಇದೆ. ಬ್ರಿಟಿಷ್ ಪಡೆಗಳ ಸೊತ್ತಿನಂತಿದ್ದ ಮುಂಬೈಯ ರೋವರ್ಸ್ ಕಪ್ಪನ್ನು 1937ರಲ್ಲಿ ಗೆದ್ದದ್ದು ‘ಬ್ಯಾಂಗಲೋರ್ ಮುಸ್ಲಿಮ್ಸ್’ ತಂಡ. 1948ರಲ್ಲಿ ಮತ್ತೆ ಗೆದ್ದಿತು. ಅದೇ ವರ್ಷದ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಆಡಿದ ಭಾರತ ತಂಡದಲ್ಲಿ ಬೆಂಗಳೂರಿನ ಅಹ್ಮದ್ ಖಾನ್ ಇದ್ದರು. ಇದನ್ನು ಓದಿ ‘ನಮಗೂ ನಮ್ಮದೇ ತಂಡವಿರಲಿ’ ಎಂದು ಯಾರಾದರೂ ಹೊರಟರೆ ನಮ್ಮ ಸಮ್ಮತಿಯಿಲ್ಲ. ಧರ್ಮದ ಹೆಸರಿನಲ್ಲಿ ತಂಡ ಕಟ್ಟುವುದು ಆ ಕಾಲದ ರೀತಿಯಾಗಿತ್ತು. ಮುಂಬೈಯ ಪೆಂಟಾಂಗ್ಯುಲರ್ ಕ್ರಿಕೆಟ್ ಕೂಡ ಹಾಗೆಯೇ ನಡೆದು 1946ರಲ್ಲಿ ನಿಂತಿತು. ಇಂದು ಜಮಾಅತ್ ಜಮಾಅತ್‌ಗಳ ನಡುವೆ ಫ್ಲೆಕ್ಸ್ ಹಾಕಿ, ನಗದು ಬಹುಮಾನ ಘೋಷಿಸಿ, ರಾತ್ರಿಯಿಡೀ ಹೊನಲು ಬೆಳಕಿನಲ್ಲಿ ನಡೆಸುವ ಪಂದ್ಯಾಟಗಳು ಅದರದೇ ಕಳಪೆ ನಕಲು. ಬೆಳಗಿನ ಫಜ್ರ್‌ಗೆ ಮಸೀದಿ ಬಿಕೋ ಎನ್ನುತ್ತದೆ. ದಾನಿಗಳ ಭಾಷಣ ಮಾತ್ರ ಭರ್ಜರಿ.

ಕಾಲೇಜು ತಂಡ ಬೇರೆಯೇ ಜಾತಿಯದು. ಅಲ್ಲಿ ಪಾಟೀಲ, ಪೂಜಾರಿ, ನಾಯಕ, ಮುಲ್ಲಾ ಒಂದೇ ಬಣ್ಣ ತೊಡುತ್ತಾರೆ. ಚೆಂಡು ಕೊಡುವವನು ಹೆಸರು ಕೇಳಿ ಕೊಡುವುದಿಲ್ಲ. 2022ರ ಫೆಬ್ರವರಿಯಲ್ಲಿ ಈ ರಾಜ್ಯದ ಕಾಲೇಜುಗಳ ಗೇಟಿನಲ್ಲಿ ಏನಾಯಿತೆಂಬುದನ್ನು ನಾವು ಮರೆತಿಲ್ಲ. ಒಂದು ಕಡೆ ಹಿಜಾಬ್ ಧರಿಸಿ ಹೊರಗೆ ನಿಂತ ಹೆಣ್ಣುಮಕ್ಕಳು, ಇನ್ನೊಂದು ಕಡೆ ಕೇಸರಿ ಶಾಲು. ಮಾರ್ಚ್ 15ರಂದು ಹೈಕೋರ್ಟಿನ ತೀರ್ಪು ಬಂತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪಿತ್ತರು. ಅಷ್ಟರಲ್ಲಿ ಬೆಂಚುಗಳ ನಡುವೆ ಗೋಡೆ ಎದ್ದಿತ್ತು. ಆ ಗೋಡೆ ಇಲ್ಲದ ಕಡೆ ಎಲ್ಲಿದೆಯೆಂದು ಹುಡುಕಿದರೆ, ಬೆವರಿ ಒಂದೇ ಬಾಟಲಿಯ ನೀರು ಕುಡಿಯುವ ಹನ್ನೊಂದು ಮಂದಿಯ ನಡುವೆ ಸಿಕ್ಕೀತು. ಅಲ್ಲಿಂದ ನಮ್ಮ ಹುಡುಗರನ್ನು ನಾವೇ ಎಳೆದು ತರುವುದು ಯಾವ ಜಾಣತನ?

ಹೆಣ್ಣುಮಕ್ಕಳ ಮಾತೂ ಬರಲೇಬೇಕು. ತಲೆವಸ್ತ್ರ ಧರಿಸಿ ಆಡಲು ಫಿಫಾ 2014ರಲ್ಲೇ ಒಪ್ಪಿಗೆ ಕೊಟ್ಟಿದೆ. 2023ರ ಮಹಿಳಾ ವಿಶ್ವಕಪ್‌ನಲ್ಲಿ ಮೊರಾಕ್ಕೊದ ನುಹೈಲಾ ಬೆಂಝೀನಾ ಹಿಜಾಬ್ ತೊಟ್ಟೇ ಆಡಿದರು. ಮಹಿಳಾ ವಿಶ್ವವಿದ್ಯಾಲಯವೇ ಇರುವ ವಿಜಯಪುರ ಜಿಲ್ಲೆಯಲ್ಲಿ ಮಗಳು ಮೈದಾನಕ್ಕಿಳಿಯುವ ಮಾತೆತ್ತಿದರೆ ಮುಖ ಸಿಂಡರಿಸುವವರು ನಿಯಮದ ನೆಪ ಹೇಳುವಂತಿಲ್ಲ.

ತೊಡಕುಗಳಿಲ್ಲವೆಂದು ನಾವು ಹೇಳುತ್ತಿಲ್ಲ. ಮೊಣಕಾಲು ಮುಚ್ಚದ ಚಡ್ಡಿಯ ಬಗ್ಗೆ ಉಲಮಾಗಳ ಆಕ್ಷೇಪ ನ್ಯಾಯವಾದದ್ದು. ಆದರೆ ಚಡ್ಡಿಯ ಬಣ್ಣದ್ದೇ ಬಿಗಿಯುಡುಪನ್ನು ಒಳಗೆ ತೊಡಲು ಆಟದ ನಿಯಮವೇ ಅವಕಾಶ ಕೊಡುತ್ತದೆ. ರಮಝಾನಿನಲ್ಲಿ ಅಭ್ಯಾಸವನ್ನು ಹಗುರಗೊಳಿಸಿ ಎಂದು ಕೇಳಬಹುದು. ಜುಮಾದ ಹೊತ್ತಿಗೆ ಪಂದ್ಯ ಬಿದ್ದರೆ ಹುಡುಗ ಹೇಳದೆ ಕೇಳದೆ ಮನೆಯಲ್ಲಿ ಉಳಿದು ತಂಡದ ಸಿಟ್ಟಿಗೆ ಗುರಿಯಾಗಬೇಕಿಲ್ಲ. ಮಸೀದಿ ಸಮಿತಿಯ ಅಧ್ಯಕ್ಷರೊಬ್ಬರು ಪಂದ್ಯಪಟ್ಟಿ ಸಿದ್ಧವಾಗುವ ಮುನ್ನವೇ ಕಾಲೇಜಿಗೆ ಹೋಗಿ, ದೈಹಿಕ ಶಿಕ್ಷಣ ನಿರ್ದೇಶಕರ ಕೊಠಡಿಯಲ್ಲಿ ಕುಳಿತು, ಶುಕ್ರವಾರದ ಆಟವನ್ನು ಮಧ್ಯಾಹ್ನ ಮೂರಕ್ಕೆ ಇಡಲಾದೀತೇ ಎಂದು ವಿನಯದಿಂದ ಕೇಳಲಿ. ಹಿಂದಿರುಗುವಾಗ ಕನ್ನೊಳ್ಳಿಯ ಹುಡುಗನಿಗೆ ರಾತ್ರಿಯ ಬಸ್ಸು ಸಿಗದ ದಿನ ಸಿಂದಗಿಯಲ್ಲಿ ಯಾರ ಮನೆಯಲ್ಲಿ ಉಳಿಯುವ ಏರ್ಪಾಡು ಮಾಡಬಹುದೆಂಬುದನ್ನೂ ವಿಚಾರಿಸಿ ಬರಲಿ.