ಜೇನಿನ ಲೆಕ್ಕ ಯಾರ ಖಾತೆಗೆ?

ಜೇನುತುಪ್ಪ ಬೇಕು, ಜೇನುನೊಣ ಬೇಡ. ಸೌತೆಕಾಯಿ ಬೇಕು, ಸೌತೆಯ ಹೂವಿಗೆ ಬರುವ ನೊಣ ಬೇಡ. ಡೊಂಬಿವಲಿ, ಕಲ್ಯಾಣ, ಠಾಣೆ, ನವಿಮುಂಬಯಿಯ ಎಷ್ಟೋ ಹೌಸಿಂಗ್ ಸೊಸೈಟಿಗಳ ಧೋರಣೆ ಇದು. ಗೂಡು ಕಂಡ ಕೂಡಲೇ ಪೆಸ್ಟ್ ಕಂಟ್ರೋಲಿನವರಿಗೆ ಫೋನು. ಮರುದಿನ ಕಂಪೌಂಡಿನ ತುಂಬ ಸತ್ತ ನೊಣ, ಗುಡಿಸುವ ಮೌಶಿಗೆ ಒಂದು ಬುಟ್ಟಿ ಹೆಚ್ಚಿನ ಕೆಲಸ. ಅಲ್ಲಿಗೆ ಪ್ರಕರಣ ಮುಗಿಯಿತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಮುಗಿಯುವುದಿಲ್ಲ ಎಂಬುದು ನನ್ನ ವಾದ.

ಹಾಗಂತ ಜೇನಿನ ಭಜನೆ ಮಾಡಲು ನಾನು ಕೂತಿಲ್ಲ. ಉಪದ್ರವ ಇದೆ, ಅದನ್ನು ಮೊದಲು ಒಪ್ಪಿಕೊಳ್ಳೋಣ. ಹೆಜ್ಜೇನು ಎತ್ತರದ ಗೋಡೆಯ ಸಜ್ಜದ ಕೆಳಗೆ ಕಟ್ಟುವ ಒಂದೇ ಒಂದು ಎರಿ ಒಂದು ಮೀಟರ್ ಅಗಲವಾದರೂ ಆದೀತು. ಒಂದು ನೊಣ ಕುಟುಕಿದರೆ ಆ ವಾಸನೆಗೆ ಉಳಿದವೂ ಎರಗುತ್ತವೆ. ರಾತ್ರಿ ಟ್ಯೂಬ್‌ಲೈಟ್ ಹಚ್ಚಿದರೆ ಮನೆಯೊಳಗೇ ಬರುತ್ತವೆ. ಒಣಹಾಕಿದ ಬಿಳಿ ಅಂಗಿಯ ಮೇಲೆ ಹಳದಿ ಚುಕ್ಕೆ ಬೀಳುತ್ತದಲ್ಲ, ಅದು ಅವುಗಳ ಹಿಕ್ಕೆ. ಕೆಲವರ ಮೈಗೆ ಒಂದೇ ಕುಟುಕು ಸಾಕು, ಉಸಿರು ಕಟ್ಟಿ ಪ್ರಾಣಕ್ಕೇ ಬರುತ್ತದೆ. ಅಂಥವರನ್ನು ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಇದನ್ನೆಲ್ಲ ಅನುಭವಿಸುವವರ ಮುಂದೆ ‘ಪ್ರಕೃತಿ ಪ್ರೇಮ’ದ ಉಪನ್ಯಾಸ ಕೊಡುವುದು ಸುಲಭ, ಆದರೆ ಸಭ್ಯತನವಲ್ಲ.

ಇನ್ನು ಜಮಾ ಬದಿಗೆ ಬರೋಣ. ಸೌತೆ, ಹಾಗಲ, ಸಿಹಿಗುಂಬಳ ಇವುಗಳಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಕುಂಬಳದ ಪರಾಗ ಭಾರ, ಅಂಟು, ಗಾಳಿಗೆ ಹಾರುವಂಥದ್ದಲ್ಲ. ಬೆಳಗ್ಗೆ ಅರಳಿದ ಹೂ ಮಧ್ಯಾಹ್ನದೊಳಗೆ ಮುಚ್ಚಿಕೊಳ್ಳುತ್ತದೆ. ಅಷ್ಟರೊಳಗೆ ನೊಣ ಬರದಿದ್ದರೆ ಮಿಡಿ ಹಳದಿಯಾಗಿ ಉದುರುತ್ತದೆ. ಗ್ರಿಲ್‌ನಲ್ಲಿ ಕುಂಡ ಇಟ್ಟವರು ಗೊಬ್ಬರ ಬದಲಾಯಿಸುತ್ತಾರೆ, ಮಣ್ಣು ಬದಲಾಯಿಸುತ್ತಾರೆ, ‘ಬೀಜವೇ ಸರಿಯಿಲ್ಲ’ ಅಂತ ಅಂಗಡಿಯವನನ್ನು ಬೈಯುತ್ತಾರೆ. ಬಾರದ ನೊಣದ ನೆನಪು ಯಾರಿಗೂ ಆಗುವುದಿಲ್ಲ. ಬದನೆ, ಟೊಮೆಟೊ ಹೂವನ್ನು ಗಡಗಡ ನಡುಗಿಸಿ ಪರಾಗ ಉದುರಿಸುವ ವಿದ್ಯೆಯಂತೂ ಜೇನುನೊಣಕ್ಕೂ ಬಾರದು. ಅದು ದುಂಬಿಯ ಕೆಲಸ. ಅದೇ ದುಂಬಿ ಬಾಗಿಲ ಚೌಕಟ್ಟನ್ನೂ ಕೊರೆಯುತ್ತದೆ ಅನ್ನಿ!

ಈಗ ಮುಖ್ಯ ಮಾತು. ನಮ್ಮ ಕಟ್ಟಡದಲ್ಲಿ ನುಗ್ಗೆಕಾಯಿ, ಕುಂಬಳಕಾಯಿ ಸಿಗುವುದು ನೆಲಮಹಡಿಯ ಕಾಕುವಿಗೆ. ಕಿಟಕಿ ತೆರೆಯಲಾರದೆ ಸೆಕೆಯಲ್ಲಿ ಕೂರುವುದು ನಾಲ್ಕನೇ ಮಹಡಿಯ ಅಕ್ಕ. ಲಾಭ ಒಬ್ಬರ ಖಾತೆಗೆ, ನಷ್ಟ ಇನ್ನೊಬ್ಬರ ಖಾತೆಗೆ. ಕಾಕು ‘ಇರಲಿ ಬಿಡಿ ಪಾಪ’ ಅನ್ನುತ್ತಾರೆ, ಅಕ್ಕ ‘ಸುಡಿಸಿ ಹಾಕಿ’ ಅನ್ನುತ್ತಾರೆ. ತಮ್ಮ ತಮ್ಮ ಲೆಕ್ಕದಲ್ಲಿ ಇಬ್ಬರೂ ಸರಿಯೇ.

ಕಾಮರ್ಸ್ ವಿದ್ಯಾರ್ಥಿಯಾದ್ದರಿಂದ ಇಲ್ಲಿ ನನಗೆ ಅರ್ಥಶಾಸ್ತ್ರ ನೆನಪಾಗುತ್ತದೆ. ಮುಂದೆ 1977ರಲ್ಲಿ ನೊಬೆಲ್ ಪಡೆದ ಜೇಮ್ಸ್ ಮೀಡ್ 1952ರ ಒಂದು ಲೇಖನದಲ್ಲಿ ಸೇಬಿನ ತೋಟದವನನ್ನೂ ಜೇನು ಸಾಕುವವನನ್ನೂ ಉದಾಹರಣೆಯಾಗಿ ಕೊಟ್ಟರು. ಒಬ್ಬನಿಂದ ಇನ್ನೊಬ್ಬನಿಗೆ ಲಾಭವಿದೆ, ಆದರೆ ಅದಕ್ಕೆ ಬೆಲೆ ಕಟ್ಟುವವರಿಲ್ಲ ಎಂಬುದು ಅವರ ಮಾತಿನ ತಾತ್ಪರ್ಯ. 1973ರಲ್ಲಿ ಸ್ಟೀವನ್ ಚುಂಗ್ ಎಂಬ ಅರ್ಥಶಾಸ್ತ್ರಜ್ಞ ಅಮೆರಿಕದ ವಾಷಿಂಗ್ಟನ್ ರಾಜ್ಯದ ತೋಟಗಳ ವ್ಯವಹಾರ ತೆಗೆದು ನೋಡಿ, ‘ಹಾಗೇನಿಲ್ಲ, ಅಲ್ಲಿನವರು ಕೂತು ಮಾತಾಡಿ ಜೇನುಪೆಟ್ಟಿಗೆಗೆ ಬಾಡಿಗೆ ಗೊತ್ತುಮಾಡಿಕೊಂಡಿದ್ದಾರೆ’ ಎಂದು ತೋರಿಸಿದರು. ಅಲ್ಲಿ ಜೇನಿಗೂ ತೋಟಕ್ಕೂ ಯಜಮಾನರಿದ್ದರು. ನಮ್ಮ ಗೋಡೆಯ ಜೇನಿಗೆ ಯಜಮಾನ ಯಾರು? ಯಾರೂ ಅಲ್ಲ. ಆದ್ದರಿಂದಲೇ ಇದು ಒಂದು ಫ್ಲ್ಯಾಟಿನ ಪ್ರಶ್ನೆಯಲ್ಲ, ಇಡೀ ಸೊಸೈಟಿಯ ಪ್ರಶ್ನೆ.

ಹಾಗಾದರೆ ಮಾಡಬೇಕಾದ್ದೇನು? ಒಂದು, ಕಟ್ಟಿದ್ದು ಯಾವ ಜೇನು ಅಂತ ಮೊದಲು ತಿಳಿಯಬೇಕು. ಮಿಸರಿ ಜೇನಿಗೆ ಕುಟುಕುವ ಕೊಂಡಿಯೇ ಇಲ್ಲ. ಅದರ ಮೇಲೆ ವಿಷ ಹೊಡೆಸುವುದು ಶುದ್ಧ ದಂಡ. ಗೋಡೆಯ ಪೊಟರೆಯಲ್ಲಿ ಕೂರುವ ತುಡುವೆಯನ್ನು ಬಲ್ಲವರು ಪೆಟ್ಟಿಗೆಗೆ ಕೂಡಿಸಿ ಒಯ್ಯಬಲ್ಲರು. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಬಂದು ಕೊಡಗು, ದಕ್ಷಿಣ ಕನ್ನಡದ ತುಡುವೆ ಪೆಟ್ಟಿಗೆಗಳು ಸಾಲುಸಾಲಾಗಿ ಖಾಲಿಯಾದ ಕಥೆ ಊರಿನ ಹಿರಿಯರಿಗೆ ಗೊತ್ತು. ಅಂಥ ಜೇನಿನ ಒಂದು ಕುಟುಂಬಕ್ಕೆ ಬೆಲೆಯಿಲ್ಲ ಅನ್ನಬೇಡಿ. ಬಲ್ಲವರು ದೂರವೂ ಇಲ್ಲ. ಪುಣೆಯಲ್ಲಿ 1962ರಿಂದ ಕೇಂದ್ರೀಯ ಜೇನು ಸಂಶೋಧನಾ ಮತ್ತು ತರಬೇತಿ ಸಂಸ್ಥೆ ಇದೆ. ಮಹಾಬಳೇಶ್ವರದ ಹತ್ತಿರದ ಮಾಂಘರ್ 2022ರಲ್ಲಿ ‘ಮಧಾಚೆ ಗಾಂವ್’ ಎನಿಸಿಕೊಂಡಿತು.

ಎರಡು, ಹೆಜ್ಜೇನು ಪೆಟ್ಟಿಗೆಗೆ ಒಗ್ಗುವುದಿಲ್ಲ. ಆದರೆ ಅದು ವಲಸೆಯ ಜೇನು, ಹೂವಿನ ಕಾಲ ಮುಗಿದರೆ ತಾನಾಗಿ ಎದ್ದು ಹೋಗುತ್ತದೆ. ಜನರ ಓಡಾಟದಿಂದ ದೂರ, ಎತ್ತರದಲ್ಲಿದ್ದರೆ ಕಾಯೋಣ. ಆ ಬದಿಯ ರಾತ್ರಿ ದೀಪ ಆರಿಸೋಣ, ಮಕ್ಕಳು ಕಲ್ಲು ಹೊಡೆಯದಂತೆ ವಾಚ್‌ಮನ್‌ಗೆ ಹೇಳೋಣ. ಬಂದ ಜಾಗಕ್ಕೇ ವರ್ಷ ವರ್ಷ ಮರಳುವುದು ಹೆಜ್ಜೇನಿನ ಗುಣ. ಈ ಸಲ ಕೊಂದೆವು ಅಂತ ಮುಂದಿನ ಸಲ ಇನ್ನೊಂದು ಹಿಂಡು ಬಾರದೆ ಇರುತ್ತದೆಯೇ?

ಮೂರು, ಗೂಡು ಕಿಟಕಿಗೇ ಅಂಟಿಕೊಂಡಿದ್ದರೆ, ಮನೆಯಲ್ಲಿ ಪುಟ್ಟ ಮಗುವೋ ಅಲರ್ಜಿಯವರೋ ಇದ್ದರೆ ತೆಗೆಸಲೇಬೇಕು, ಎರಡು ಮಾತಿಲ್ಲ. ಆದರೆ ಸೀಮೆಎಣ್ಣೆಯ ಪಂಜಿನಿಂದಲ್ಲ, ವಿಷದಿಂದಲ್ಲ. ಹೊಗೆ ಹಾಕಿ ನೊಣ ಎಬ್ಬಿಸಿ ಎರಿ ತೆಗೆಯುವ ನುರಿತ ಕೈಯಿಂದ. ಅದರ ಖರ್ಚು ಸೊಸೈಟಿಯ ಮೇಂಟೆನೆನ್ಸ್ ನಿಧಿಯಿಂದ ಹೋಗಬೇಕು. ಈಗ ಆ ಭಾರ ಎಷ್ಟೋ ಕಡೆ ಕಿಟಕಿಯವರ ಮೇಲೆಯೇ ಬೀಳುತ್ತದೆ. ತನ್ನ ಕಿಸೆಯಿಂದ ಕೊಡಬೇಕಾದವನು ಅಗ್ಗದ ದಾರಿ ಹುಡುಕುವುದು ಸಹಜ, ಅಗ್ಗದ ದಾರಿ ಅಂದರೆ ವಿಷ. ನುಗ್ಗೆಕಾಯಿ ಹಂಚಿಕೊಳ್ಳುವ ನಾವು ಈ ಖರ್ಚನ್ನೂ ಹಂಚಿಕೊಂಡರೆ ಅಕ್ಕನ ಸಿಟ್ಟು ಅರ್ಧ ಇಳಿದೀತು, ಕಾಕುವಿನ ಬಳ್ಳಿಯೂ ಉಳಿದೀತು.

ಮಿತ್ರರೇ, ನಿಮ್ಮ ಸೊಸೈಟಿಯ ಮುಂದಿನ ಜನರಲ್ ಬಾಡಿ ಮೀಟಿಂಗಿನಲ್ಲಿ ಪಾರ್ಕಿಂಗ್ ಜಗಳ ಮುಗಿದು ಹತ್ತು ನಿಮಿಷ ಉಳಿದರೆ ಈ ಮಾತನ್ನು ಎತ್ತಿ ನೋಡಿ. ಗೂಡು ಕಟ್ಟುವ ಮೊದಲೇ ನಿಯಮ ಮಾಡುವುದು ಸುಲಭ. ಕಟ್ಟಿದ ಮೇಲೆ ಭಯ ಮಾತಾಡುತ್ತದೆ, ಲೆಕ್ಕ ಯಾರಿಗೂ ಕೇಳಿಸುವುದಿಲ್ಲ. ಒಪ್ಪದವರು ಮುಂದಿನ ಸಂಚಿಕೆಗೆ ಉತ್ತರ ಬರೆಯಿರಿ, ವಿಶೇಷವಾಗಿ ನಾಲ್ಕನೇ ಮಹಡಿಯವರು.